ಕಫೀಲನ ಬಿಳಿ ಅಂಗಿ

ಫರ್ವಾನಿಯಾ, ಕುವೈತ್
೧೨ ಏಪ್ರಿಲ್ ೧೯೯೧

ಗೌರವ್ವ,

ಹ್ಯಾಂಗದಿ? ಮಗಳು ಸಾಕ್ಷಿ ಹ್ಯಾಂಗಿದ್ದಾಳೆ? ತಡವಾಯಿತು, ಬೈಯಿ. ಅಂಚೆ ಸರಿಯಿಲ್ಲ ಅನ್ನೋದು ನೆಪ. ಬರೆಯಲು ಕೈ ಏಳಲಿಲ್ಲ. ಹೆನ್ರಿ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಲಿ ಕೊಡುತ್ತೇನೆ.

ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿವೆ. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕರ್ರಗಾಗುತ್ತದೆ. ಶುವೈಖ್‌ನ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಸ್ಪ್ಯಾನರೂ ಉಳಿದಿಲ್ಲ. ನಮ್ಮ ವೀಸಾದ ಧಣಿ, ಕಫೀಲ್, ಮರಳಿದ್ದಾನೆ. ‘ಯಲ್ಲಾ, ಕೆಲಸ ಶುರು ಮಾಡು’ ಅಂದ. ನಮ್ಮ ಮಗನ ಹೆಸರೇ ಎತ್ತಲಿಲ್ಲ.

ಊಟಕ್ಕೆ ಕೂತಾಗ ಸಂಜೀವನ ತಾಟೂ ಇಡುತ್ತೇನೆ ಅಂತ ಬರೆದಿದ್ದೀ. ಅವನನ್ನು ಯಾಕೆ ಹಿಡಿದರು ಅಂತ ಕೇಳಿದ್ದೀ. ಇವತ್ತು ಹೇಳುತ್ತೇನೆ.

ನಮ್ಮ ಶುಕ್ರವಾರದ ನಾಟಕದ ಗುಂಪು ನಿನಗೆ ಗೊತ್ತಲ್ಲ. ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳನ್ನು ಕೂಡಿಸಿ, ಅವರ ಅಪ್ಪ ಅವ್ವಂದಿರ ಬೆವರಿನ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿದೆವು. ಅಮಿತಾ ರುಮೈಥಿಯಾದ ಮನೆಗೆಲಸದವಳ ಪಾತ್ರ. ‘ಅಂಕಲ್, ಅಳೋದು ಡಿಫಿಕಲ್ಟ್, ಬೈಯೋದು ಕನ್ನಡದಲ್ಲೇ ಈಸಿ’ ಅನ್ನುತ್ತಿದ್ದಳು. ಸಂಜೀವನದು ಕಫೀಲನ ಪಾತ್ರ. ನೀನು ರಜೆಗೆ ಊರಿಗೆ ಹೋಗುವ ಮುಂಚೆ ಹೊಲಿದುಕೊಟ್ಟ, ಕುವೈತಿಗಳು ತೊಡುವಂಥ ಉದ್ದನೆಯ ಬಿಳಿ ಅಂಗಿ ತೊಟ್ಟು ಬಂದರೆ, ಹೋಟೆಲಿನ ಅಪ್ಪಿ ಎದ್ದು ಸಲಾಂ ಹೊಡೆಯುತ್ತಿದ್ದ: ‘ಸಂಬಳ ಕೊಡು ಮಾರಾಯಾ!’

ಹೋದ ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಮಕ್ಕಳು ಮನೆಯೊಳಗೆ ಮುದುಡಿ ಕೂತರು. ಮಾಳಿಗೆಯ ಮೇಲೆ ನಾಟಕ ಆಡೋಣ ಅಂದವರು ಅವರೇ. ವೇಷದಲ್ಲೇ ಹೋಗಿ ಜನರನ್ನು ಕರೆಯೋದು ನಮ್ಮ ರೂಢಿ; ಚಳವಳಿಯ ಬೀದಿನಾಟಕಕ್ಕೆ ಊರೂರು ಹಾಗೇ ಕರೆದವನು ನಾನು. ಸಂಜೀವ ಪಕ್ಕದ ಕಟ್ಟಡಕ್ಕೆ ಹೊರಟ. ಬೀದಿಯ ತಿರುವಿನಲ್ಲಿ ಸೈನಿಕರು ಕುವೈತಿಗಳನ್ನು ಹುಡುಕುತ್ತಿದ್ದರು.

ಅವನು ಭಾರತದವನು ಅಂತ ಅಪ್ಪಿ ಅರಬ್ಬಿಯಲ್ಲಿ ಕೂಗಿದ. ನಾನು ಓಡಿದೆ. ‘ಪಾಸ್‌ಪೋರ್ಟ್ ತೋರಿಸು’ ಅಂದ ಸೈನಿಕ. ಎಲ್ಲಿಂದ ತೋರಿಸಲಿ? ನಮ್ಮ ಪಾಸ್‌ಪೋರ್ಟು, ಇಲ್ಲಿರಲು ಕೊಟ್ಟ ಇಕಾಮಾ ಪರವಾನಗಿ ಎಲ್ಲ ಕಫೀಲನ ತಿಜೋರಿಯಲ್ಲಿ. ಕಫೀಲ್ ಆಗಲೇ ಗಡಿ ದಾಟಿದ್ದ, ಖಲಾಸ್. ಇಲ್ಲೇ ಬೆಳೆದ ಸಂಜೀವನ ಅರಬ್ಬಿ ಕೇಳಿ ಅವರ ಅನುಮಾನ ಇನ್ನೂ ಗಟ್ಟಿಯಾಯಿತು. ‘ಕನ್ನಡ ಮಾತಾಡೋ!’ ಎಂದು ಒದರಿದೆ. ಹೆದರಿದ ಹುಡುಗನ ಬಾಯಿಗೆ ಬಂದದ್ದು ಬಾಯಿಪಾಠವಾಗಿದ್ದ ನಾಟಕದ ಮಾತು: ‘ನಿನ್ನ ಪಾಸ್‌ಪೋರ್ಟ್ ನನ್ನ ಹತ್ತಿರ ಇದೆ. ನೀನು ಎಲ್ಲಿಗೂ ಹೋಗಲಾರೆ.’ ಪಾಸ್‌ಪೋರ್ಟ್ ಅನ್ನೋ ಒಂದೇ ಪದ ತಿಳಿದ ಸೈನಿಕ, ನಕ್ಕು, ಅವನನ್ನು ಲಾರಿಗೆ ಹತ್ತಿಸಿದ.

ಧಣಿಯ ವೇಷ ಹಾಕಿದ ಕೂಲಿಯ ಮಗನನ್ನು ಧಣಿಯೆಂದು ಎಳೆದೊಯ್ದರು. ನಿಜವಾದ ಧಣಿ ನಮ್ಮ ಗುರುತಿಗೇ ಬೀಗ ಹಾಕಿ ಓಡಿದ್ದ. ಥೂ!

ಉಳಿದ ಮಕ್ಕಳು ಮತ್ತೆ ಆಡೋಣ ಅನ್ನುತ್ತಿದ್ದಾರೆ. ಕಫೀಲನ ಪಾತ್ರ ಅಮಿತಾ ಮಾಡುತ್ತಾಳಂತೆ. ‘ಬಿಳಿ ಅಂಗಿ ಮಾತ್ರ ಬೇಡ, ಅಂಕಲ್’ ಅಂದಳು. ಆಡಿಸುತ್ತೇನೆ.

ಸಾಕ್ಷಿಗೆ ನನ್ನ ಆಶೀರ್ವಾದ. ಅವಳು ಜೋರಾಗಿ ಮಾತಾಡಿದರೆ ಗದರಬೇಡ.

ನಿನ್ನ
ಚನ್ನಪ್ಪ

ತಾ.ಕ.: ಇಷ್ಟು ಬರೆದೂ ಬರೆಯಬೇಕಾದ್ದು ಬರೆದಿಲ್ಲ. ಕಿರಾಣಿ ಅಂಗಡಿಯ ಬಾವಾಕುಂಞಿಯನ್ನೂ ಹಿಡಿದಿದ್ದರು. ಹೋದ ತಿಂಗಳು ಬಿಡುಗಡೆಯಾಗಿ ಬಂದ. ಅವನೂ ಸಂಜೀವನೂ ಜೈಲಿನ ಒಂದೇ ಕೋಣೆಯಲ್ಲಿದ್ದರಂತೆ. ತಾಟು ಎತ್ತಿಡು, ಗೌರವ್ವ. ಚಳಿಗಾಲದಲ್ಲಿ ನಮ್ಮ ಹುಡುಗನಿಗೆ ಜ್ವರ ಬಂತು, ಔಷಧಿ ಕೊಡಲಿಲ್ಲ. ಬಾವಾಕುಂಞಿಯೇ ಮಣ್ಣು ಮಾಡಿದ. ಬೇರೆ ಬಟ್ಟೆ ಇರಲಿಲ್ಲ, ಆ ಬಿಳಿ ಅಂಗಿಯಲ್ಲೇ. ‘ತಾಯಿ ಹೊಲಿದದ್ದಲ್ವಾ, ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ’ ಅಂದ.