ಅಮ್ಮನ ಮನೆಯ ಕಾಯಿಲೆ

ಜನವರಿ 9, ಗುರುವಾರ

ಗಾರ್ಮೆಂಟ್ಸಿನಲ್ಲಿ ಅರ್ಧ ದಿನ ರಜೆ. ನಾಯಂಡಹಳ್ಳಿಯಿಂದ ನೇರ ಆಸ್ಪತ್ರೆಗೆ. ಅಮ್ಮನಿಗೆ ನಾಲ್ಕನೇ ಕೀಮೋ. ನರ ಸಿಗದೆ ಮೂರು ಸಲ ಚುಚ್ಚಿದರು.

ಶಿವಾನಿ ಡಾಕ್ಟರ್ ಕರೆದರು. ಅಮ್ಮನ ಸ್ತನ ಕ್ಯಾನ್ಸರ್ ವಂಶದಿಂದ ಬಂದದ್ದಂತೆ. ಅಜ್ಜಿಗೂ ಇತ್ತಲ್ಲ. ಅಮ್ಮನ ರಕ್ತದಲ್ಲಿ ಆ ಜೀನ್ ಸಿಕ್ಕಿದೆ. ಹೆಣ್ಣುಮಕ್ಕಳಿಗೂ ಅದಿದೆಯಾ ಎಂದು ಉಚಿತವಾಗಿ ನೋಡುತ್ತಾರೆ.

"ಸ್ವಂತ ಮಗಳು ತಾನೆ ಇಂದ್ರಮ್ಮಾ?"

"ಇದೇನ್ ಮೇಡಂ ಹಿಂಗ್ ಕೇಳ್ತೀರಾ? ಮೂಗು ನೋಡಿ, ನಂದೇ!"

ಕೈ ಚಾಚಿದೆ. ರಕ್ತ ತೆಗೆದರು.

ಜನವರಿ 12, ಭಾನುವಾರ

ಇಲ್ಲಿಯಾದರೂ ಬರೆಯುತ್ತೇನೆ. ನಾನು ದತ್ತು ಮಗಳು. ಮೂರು ವರ್ಷದ ಹಿಂದೆ ರೇಷನ್ ಕಾರ್ಡ್ ಹುಡುಕುವಾಗ ಕೋರ್ಟಿನ ಕಾಗದ ಸಿಕ್ಕಿತು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಹೆತ್ತವರು — ತಿಳಿದಿಲ್ಲ. ಮಡಚಿ ಅಲ್ಲೇ ಇಟ್ಟೆ. ನನಗೆ ಗೊತ್ತೆಂದು ಅಮ್ಮನಿಗೆ ಗೊತ್ತಿಲ್ಲ.

ಇನ್ನೊಂದು. ಎಡ ಎದೆಯಲ್ಲಿ ಗಂಟು. ಕಡಲೆಕಾಳಿನಷ್ಟು. ದೀಪಾವಳಿಯಿಂದ ಇದೆ. ನೋವಿಲ್ಲ...

ಫೆಬ್ರವರಿ 3, ಸೋಮವಾರ

ರಿಪೋರ್ಟ್ ಬಂತು. ನನ್ನಲ್ಲಿ ಆ ಜೀನ್ ಇಲ್ಲ. ಅಮ್ಮ ಅತ್ತಳು. ಆಮೇಲೆ ಕ್ಯಾಂಟೀನಿನಲ್ಲಿ ಕೇಸರಿಬಾತ್ ಕೊಡಿಸಿದಳು. ಪಕ್ಕದ ಮನೆ ಕಲ್ಯಾಣಮ್ಮನಿಗೆ ಗೇಟಿನಿಂದಲೇ ಕೂಗಿದಳು.

"ನನ್ ಶನಿ ನನ್ ಮಗಳಿಗೆ ಹತ್ತಿಲ್ಲ ಕಣ್ರೀ!"

"ಹತ್ತಕ್ಕೆ ಅವಳ ಮೈಮೇಲೆ ಜಾಗ ಎಲ್ಲಿದೆ ಇಂದ್ರಮ್ಮಾ? ಮೊದ್ಲು ಮುದ್ದೆ ಇಕ್ಕಿ."

ಎಲ್ಲರೂ ನಕ್ಕರು. ನಾನೂ.

ಅಮ್ಮನ ಜೀನ್ ನನ್ನಲ್ಲಿ ಇರುವುದಾದರೂ ಹೇಗೆ?

ಫೆಬ್ರವರಿ 19, ಬುಧವಾರ

ಅಮ್ಮನಿಗೆ ಡ್ರಿಪ್ ಹಾಕಿದ್ದಾಗ ಒಬ್ಬಳೇ ಡಾಕ್ಟರ್ ಹತ್ತಿರ ಹೋಗಿ ಗಂಟಿನ ವಿಷಯ ಹೇಳಿದೆ. ಮುಟ್ಟಿ ನೋಡಿದರು. ಫೈಲ್ ತಿರುವಿದರು.

"ಇಪ್ಪತ್ಮೂರು ವರ್ಷ. ತಾಯಿ ಜೀನೂ ಬಂದಿಲ್ಲ. ಈ ವಯಸ್ಸಲ್ಲಿ ಇಂಥ ಗಂಟು ಮಾಮೂಲಮ್ಮ. ಆರು ತಿಂಗಳು ಬಿಟ್ಟು ಬಾ."

ದತ್ತು ಮಗಳೆಂದು ಹೇಳಬೇಕಿತ್ತು. "ಥ್ಯಾಂಕ್ಸ್ ಮೇಡಂ" ಅಂದು ಬಂದೆ.

ಮಾರ್ಚ್ 6, ಗುರುವಾರ

ಗಂಟು ದೊಡ್ಡದಾಗಿದೆ. ಅಮ್ಮನ ಜೊತೆಯೇ ಒಳಗೆ ಹೋದೆ.

"ಇವಳು ಊಟಾನೇ ಬಿಟ್ಬಿಟ್ಟಿದಾಳೆ ಮೇಡಂ. ನನ್ ಜೀನ್ ಬಂದಿಲ್ಲ ಅಂತ ಇನ್ನೊಂದ್ಸಲ ಹೇಳಿ."

ನೆಲ ನೋಡಿಕೊಂಡೇ ಹೇಳಿದೆ. ಗಂಟು ಬೆಳೆದಿದೆ. ನಾನು ದತ್ತು. ಆ ರಿಪೋರ್ಟಿನಿಂದ ನನ್ನ ವಿಷಯ ಗೊತ್ತಾಗುವುದಿಲ್ಲ.

ಡಾಕ್ಟರ್ ಪೆನ್ ಕೆಳಗಿಟ್ಟರು. ಅಮ್ಮ ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡಳು.

"ಹೌದು ಮೇಡಂ. ಹೆತ್ತೋಳು ಯಾರೋ ನಂಗೂ ಗೊತ್ತಿಲ್ಲ. ಸುಳ್ಳು ಹೇಳಿದ್ದು ನಾನು. ಅವಳನ್ನ ಸರಿಯಾಗಿ ನೋಡಿ."

ಇವತ್ತೇ ಸ್ಕ್ಯಾನ್ ಆಯಿತು. ಸೂಜಿ ಹಾಕಿ ಪರೀಕ್ಷೆಗೆ ಗಂಟಿನ ಚೂರು ತೆಗೆದರು. ಎಲ್ಲ ಜೀನ್ ನೋಡುವ ದೊಡ್ಡ ಪರೀಕ್ಷೆ ಮಾತ್ರ ಉಚಿತವಿಲ್ಲವಂತೆ — ರಕ್ತಸಂಬಂಧದಲ್ಲಿ ಯಾರಿಗಾದರೂ ಕಾಯಿಲೆ ಇತ್ತೆಂದು ತೋರಿಸಬೇಕು. ಯಾರನ್ನು ತೋರಿಸಲಿ?

ಬ್ಯಾಡರಹಳ್ಳಿ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮಾಗಡಿ ರೋಡಿಗೆ ಬಂದಾಗ ನನ್ನ ಕಡೆ ತಿರುಗಿದಳು.

"ಯಾವಾಗಿಂದ ಗೊತ್ತು ಧನ್ಯಾ?"

"ಮೂರು ವರ್ಷ."

"ಮೂರು ವರ್ಷ... ಒಬ್ಳೇನಾ?"

ಮಾರ್ಚ್ 13, ಗುರುವಾರ, ಬೆಳಿಗ್ಗೆ 9

ಆಸ್ಪತ್ರೆಯಿಂದ ಫೋನ್. ಚೂರಿನ ರಿಪೋರ್ಟ್ ಬಂದಿದೆ. ಏನೆಂದು ಹೇಳಲಿಲ್ಲ. ಒಬ್ಬಳೇ ಬರಬೇಡ, ಮನೆಯವರು ಯಾರಾದರೂ ಜೊತೆಗಿರಲಿ ಅಂದರು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಆಗಲೇ ಸೀರೆ ಬದಲಿಸಿ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.