ಹೆಸರ ಹೇಳಿ ಒಳಗ ಬಾ

ನೇಸರಗಿ
೧೧-೩-೨೦೨೫

ಮುದ್ದು ತಂಗಿ ಪ್ರಜ್ಞಾ,

ಹೇಗಿದ್ದೀಯ? ಚಚಡಿಯಲ್ಲಿ ಸೀತವ್ವ ಚಿಕ್ಕವ್ವನ ಮಿಕ್ಸರ್ ಸದ್ದಿಗೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತೀಯಾ? ಅನ್ನಕ್ಕೆ ಸಾರು ತಾಗದಂತೆ ಬೇರೆ ಬಟ್ಟಲಲ್ಲಿ ಕೊಡುತ್ತಾರಾ? ಚಿಕ್ಕವ್ವಾ, ಇದನ್ನು ಅವಳಿಗೆ ಓದಿ ಹೇಳುವಾಗ ನನ್ನ ಒತ್ತಕ್ಷರ ನೋಡಿ ನಗಬೇಡ. ಇಂಗ್ಲಿಷ್ ಸಾಲಿಯವರು ಕಲಿಸಿದ್ದು ಇಷ್ಟೇ.

ನಾನು ಬಹಳ ಖುಷಿಯಾಗಿದ್ದೇನೆ. ಗೌತಮ ದಿನಾ ನನ್ನನ್ನು ಬೈಲಹೊಂಗಲದ ಶಾಲೆಗೆ ಗಾಡಿಯಲ್ಲಿ ಬಿಟ್ಟು, ನಾನು ಗೇಟು ದಾಟುವವರೆಗೂ ನಿಂತಿರುತ್ತಾರೆ. ಇದನ್ನು ಹತ್ತು ಜನರಿಗೆ ಹೇಳಿಯಾಯಿತು, ನೀನು ಹನ್ನೊಂದನೆಯವಳು. ಆದರೆ ಶನಿವಾರದಿಂದ ಈ ಕಾಗದ ಬರೆದು ಬರೆದು ಹರಿಯುತ್ತಿದ್ದೇನೆ.

ಮದುವೆಗೆ ಮುಂಚೆ ಹತ್ತು ದಿನ ನೀನು ಸವದತ್ತಿಯ ನಮ್ಮ ಬಾಗಿಲಿಗೆ ಅಡ್ಡ ನಿಂತು, ಗಂಡನ ಮನೆಯ ಹೆಂಗಸರಂತೆ “ಹೆಸರ ಹೇಳಿ ಒಳಗ ಬಾ” ಎನ್ನುತ್ತಿದ್ದೆ. ನಾನು ಗಂಡನ ಹೆಸರು ಕೂಡಿಸಿ ಒಡಪು ಹೇಳಬೇಕು: “ಬಟ್ಟಲ ತುಂಬ ಸಕ್ಕರಿ, ಗೌತಮ ಅಂದ್ರ ನನಗ ಅಕ್ಕರಿ.” ನಾನು ತಡವರಿಸಿದರೆ ನೀನೇ ಪೂರ್ತಿ ಮಾಡುತ್ತಿದ್ದೆ. ಮದುವೆಯ ಹಿಂದಿನ ದಿನ ನಿನ್ನನ್ನು ಚಚಡಿಯ ಬಸ್ಸು ಹತ್ತಿಸಿದೆವು. ಅದು ಅವ್ವ ಅಪ್ಪನ ಯೋಚನೆ ಎಂದು ಎಲ್ಲರೂ ತಿಳಿದಿದ್ದಾರೆ, ಹೇಳಿದವಳು ನಾನು. ಕಿಟಕಿಯಿಂದ ನೀನು “ಹೆಸರ ಹೇಳಿ ಒಳಗ ಬಾ” ಎಂದು ಅದನ್ನೇ ಅನ್ನುತ್ತಿದ್ದೆ. “ಸಾಕ ಮಾಡವಾ, ಮಂದಿ ನೋಡಾಕತ್ತಾರ” ಎಂದು ನಾನು ಗದರಿದೆ. ಮರುದಿನ ಈ ಮನೆಯ ಹೊಸ್ತಿಲಲ್ಲಿ ಒಡಪು ಮರೆತು ನಿಂತೆ. ಎಲ್ಲರೂ ನಕ್ಕರು. “ತಂಗಿ ಬರಲಿಲ್ಲೇನವಾ?” ಎಂದು ಅತ್ತೆ ತಾಯವ್ವ ಕೇಳಿದರು. “ಹಾಸ್ಟೆಲ್‌ನ್ಯಾಗ ಅದಾಳ್ರಿ, ಪರೀಕ್ಷಾ ಅದಾವ” ಎಂದೆ. ಗೌತಮರಿಗೂ ಅದೇ ಸುಳ್ಳು. ಈಗ ಅತ್ತೆ ವಾರಕ್ಕೊಮ್ಮೆ ಕೇಳುತ್ತಾರೆ, “ಪಾಸಾದಳೇನ ನಿನ್ನ ತಂಗಿ?”

ಶನಿವಾರ ನಮ್ಮ ಶಾಲೆಯ ಶಿಕ್ಷಕರ ತರಬೇತಿಯಲ್ಲಿ ಡಾಕ್ಟರೊಬ್ಬರು ನಿನಗಿರುವ ಆಟಿಸಂ ಬಗ್ಗೆ ಹೇಳಿದರು. ಅದು ಅಜ್ಜಿ ಹೇಳುವಂತೆ ಹೆದರಿಕೆಯಿಂದ ಬಂದದ್ದಲ್ಲ, ಅವ್ವ ತನ್ನನ್ನೇ ಬೈದುಕೊಳ್ಳುವಂತೆ ಬಸುರಿಯಾಗಿದ್ದಾಗ ತಿಂದದ್ದರಿಂದಲೂ ಅಲ್ಲ. ಮೆದುಳು ಮೊದಲಿನಿಂದಲೇ ಬೇರೆ ರೀತಿ ಬೆಳೆದಿರುತ್ತದೆ. ಕೆಲವರು ಎಂದೋ ಕೇಳಿದ ಇಡೀ ವಾಕ್ಯವನ್ನೇ ತಮ್ಮ ಮಾತಾಗಿ ಆಡುತ್ತಾರಂತೆ. ಮೊದಲು ಅದನ್ನು ಎಲ್ಲಿ ಕೇಳಿದ್ದರು ಎಂದು ನೆನೆಸಿಕೊಂಡರೆ ಅರ್ಥ ಸಿಗುತ್ತದಂತೆ. ನನಗೆ ಬಸ್ಸಿನ ಕಿಟಕಿ ಕಂಡಿತು. ನೀನು ಮದುವೆಗೆ ಬರುತ್ತೇನೆ ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಪಕ್ಕದಲ್ಲೇ ಮಲಗಿದವಳಿಗೆ ಇದನ್ನು ಹೊರಗಿನವರು ಹೇಳಬೇಕಾಯಿತು. ಕ್ಷಮಿಸು ಎನ್ನಲೂ ಮುಖವಿಲ್ಲ.

ಚಿಕ್ಕವ್ವನಿಗೆ ನಮಸ್ಕಾರ. ನೀನು ಸಾಲಾಗಿ ಜೋಡಿಸಿಟ್ಟ ಬಳೆಚೂರುಗಳನ್ನು ಯಾರೂ ಗುಡಿಸದಿರಲಿ.

ನಿನ್ನ ಅಕ್ಕ,
ಸ್ನೇಹಲ್

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ಅತ್ತೆ ಮತ್ತೆ ಕೇಳಿದರು. “ಪರೀಕ್ಷಾ ಇರಲಿಲ್ಲರಿ. ನಾನ ಸುಳ್ಳ ಹೇಳಿದ್ದೆ. ಆಕಿ ಹೆಸರ ಪ್ರಜ್ಞಾ, ಚಚಡ್ಯಾಗ ಅದಾಳ” ಎಂದು ಎಲ್ಲವನ್ನೂ ಹೇಳಿದೆ. ಅವರು ಎದ್ದು ಹೋದರು. ಗೌತಮರಿಗೂ ಹೇಳಿದೆ; ರವಿವಾರ ಚಚಡಿಗೆ ಗಾಡಿ ತೆಗೆಯುತ್ತಾರಂತೆ. ನೀನು ಬಾಗಿಲಿಗೆ ಅಡ್ಡ ನಿಂತಿರು. ಬಟ್ಟಲ ತುಂಬ ಸಕ್ಕರಿ, ಪ್ರಜ್ಞಾ ಅಂದ್ರ ನನಗ ಅಕ್ಕರಿ. ಈ ಸಲ ತಡವರಿಸಿದರೆ ಒಳಗೆ ಬಿಡಬೇಡ.