ಬಾಯವ್ವ ಕೇಳಿದ ಟ್ರಾನ್ಸ್‌ಫರ್

ದೊಡವಾಡ, ೧೯ ನವೆಂಬರ್ ೨೦೨೫, ಬುಧವಾರ

ನನ್ನ ನಾಲಿಗೆಯನ್ನು ಈ ಮೂಲಕ ಅಮಾನತು ಮಾಡಲಾಗಿದೆ.

ಧಾರವಾಡದ ಆಸ್ಪತ್ರೆಯಲ್ಲಿ ಭ್ರೂಣವನ್ನು ಗರ್ಭದೊಳಗೆ ಇಡುವುದಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ನಮ್ಮ ಮೂರನೆಯದೂ ನಿಲ್ಲಲಿಲ್ಲ. ಅದನ್ನು ಅವ್ವನಿಗೆ ಫೋನಿನಲ್ಲಿ ಹೇಳುವಾಗ ಪಕ್ಕದ ಮನೆಯ ಬಾಯವ್ವನ ಕಿವಿಗೆ ಆ ಒಂದು ಪದ ಬಿದ್ದಿದೆ. ನನ್ನ ಗಂಡ ಶಾಲೆಯ ಮಾಸ್ತರ, ಆಕೆ ಅದನ್ನು ನೌಕರಿಯ ವರ್ಗಾವಣೆ ಎಂದು ತಿಳಿದಳು.

ಸಂಜೆ ಕಟ್ಟೆಗೆ ಬಂದು ಕೂತು, "ಮಾಸ್ತರದು ಈ ಸಲನೂ ಟ್ರಾನ್ಸ್‌ಫರ್ ಆಗಲಿಲ್ಲಂತಲ್ಲವಾ?" ಎಂದಳು.

ನಾನು ಸಾಹೇಬರಂತೆ ಮುಖ ಬಿಗಿದೆ. "ಆರ್ಡರ್ ಆಗಿತ್ರಿ ದೊಡ್ಡವ್ವ. ಬರಬೇಕಾದವರ ಬಂದು ಹಾಜರಾಗಲಿಲ್ಲ."

"ಎಂಥಾ ಮೈಗಳ್ಳರವಾ! ಹಂಗಾದ್ರ ಬ್ಯಾರೆ ಕಡೆಯವರನ್ನ ಹಾಕಿಸ್ಕೋರಿ. ಬಂದ ಮ್ಯಾಲ ಅವರೂ ನಮ್ಮವರ ಆಗ್ತಾರ."

ಇನ್ನು ಬೇರೆಯವರ ಅಂಡಾಣು ತೆಗೆದುಕೊಳ್ಳಿ ಎಂದು ಡಾಕ್ಟರೂ ಹೇಳಿದ್ದಾರೆ. ಆ ಮಾತನ್ನು ಮನೆಯಲ್ಲಿ ನಾವಿಬ್ಬರೂ ಇನ್ನೂ ಎತ್ತಿಲ್ಲ. ತಿರುಗಿ ನೋಡಿದರೆ ಇವರು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಬಾಯವ್ವ ಹೋದ ಮೇಲೆ ಇವರು ಬೈಯಲಿಲ್ಲ. "ಹಾಜರಾಗಲಿಲ್ಲ ಅನಬ್ಯಾಡ," ಅಂದರು. "ಮೂರೂ ಸಲ ಬಂದಿತ್ತು. ಅದಕ್ಕ ಇರಾಕ ಆಗಲಿಲ್ಲ."

ಸೂಜಿ ಚುಚ್ಚಿಸಿಕೊಂಡವಳು ನಾನು, ಹಾಗಾಗಿ ತಮಾಷೆ ಮಾಡುವ ಹಕ್ಕೂ ನನ್ನದೇ ಅಂದುಕೊಂಡಿದ್ದೆ. ಇವರೂ ಮೂರು ಸಲ ತಂದೆಯಾಗಿದ್ದರೆಂದು ಹೊಳೆದೇ ಇರಲಿಲ್ಲ. ಎಂಥ ನಾಚಿಕೆ. ಊಟಕ್ಕೆ ಬಡಿಸುವಾಗ ಮುಖ ನೋಡಲಾಗಲಿಲ್ಲ.

"ಬ್ಯಾರೆಯವರದು ತಗೊಂಡ್ರ ನಿಮಗ ನಡೀತೈತೇನ್ರಿ?" ಇಷ್ಟೇ ಕೇಳಬೇಕು. ಕೇಳಹೋದರೆ ಮತ್ತೆ ಯಾವುದೋ ಚೇಷ್ಟೆ ಬಂದೀತೆಂದು ಹೆದರಿ, ಕೇಳದೆ ಇಲ್ಲಿ ಬರೆಯಲು ಕೂತೆ. ನಾಳೆ ನಗದೆ ಕೇಳುತ್ತೇನೆ. ನಗದೆ ಕೇಳಿದರೆ ಅಳು ಬರುತ್ತದೆ, ಬರಲಿ, ಆದರೆ ಇವರು ಬ್ಯಾಡ ಅಂದರೆ ಏನು ಮಾಡಲಿ, ಇನ್ನೂ ಗೊತ್ತಿಲ್ಲ.